‘ಆ ಕಡೆ’ ಖಾಲಿ ಇಲ್ಲ

ವಿದ್ಯುತ್ ಯೋಜನೆಗಳಿಗೆ ಜಾಗ ಮಂಜೂರು ಮಾಡುವ ಅಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಇಂದು ನನಗೆ ಉಪವಾಸ. ಕೊಟ್ಟಿಗೆ ಗುಡಿಸಿ, ಮೇಕೆಗಳಿಗೆ ನೀರಿಟ್ಟು, ಮನೆಯವರಿಗೆ ಬುತ್ತಿ ಕಟ್ಟಿ ಕಳಿಸಿ, ದೀಪ ಹಚ್ಚಿ ಬರೆಯಲು ಕೂತಿದ್ದೇನೆ. ಉಪವಾಸದ ದಿನ ನಾನು ಯಾರನ್ನೂ ಬಯ್ಯುವುದಿಲ್ಲ. ಅಷ್ಟರ ಮಟ್ಟಿಗೆ ನಿಮ್ಮ ಅದೃಷ್ಟ ಚೆನ್ನಾಗಿದೆ. ನಮ್ಮೂರ ಹಿಂದಿನ ದಿಬ್ಬವನ್ನು ಸೌರ ವಿದ್ಯುತ್ ಕಂಪನಿಗೆ ಕೊಟ್ಟಿದ್ದೀರಿ. ಬರುವ ಸೋಮವಾರ ಯಂತ್ರಗಳು ಬಂದು ಅದನ್ನು ಮಟ್ಟ ಮಾಡುತ್ತವಂತೆ. ಆ ದಿಬ್ಬದಲ್ಲಿ ನಮ್ಮ ಮಕ್ಕಳಿದ್ದಾರೆ. ಹೆಸರಿಡುವ ಮೊದಲೇ ಕಣ್ಣು ಮುಚ್ಚಿದ ಹಸುಗೂಸುಗಳನ್ನು ಮೂರು ತಲೆಮಾರಿನಿಂದ ಅಲ್ಲೇ ಮಣ್ಣು ಮಾಡುತ್ತಾ ಬಂದಿದ್ದೇವೆ. ನನ್ನದೂ ಒಂದಿದೆ. ಹೆಣ್ಣು. ಹನ್ನೊಂದು ದಿನ ಇದ್ದಳು.

ಇದೆಲ್ಲ ನಿಮ್ಮ ಕಾಗದದಲ್ಲಿ ಏಕಿಲ್ಲ ಎಂದು ಕೇಳುತ್ತೀರಿ. ಕೇಳಬೇಕಾದ್ದೇ. ಹೇಳದೆ ಇದ್ದವಳು ನಾನು.

ಆ ಜಾಗಕ್ಕೆ ನಮ್ಮಲ್ಲಿ ಹೆಸರಿಲ್ಲ. ಹೆಸರೆತ್ತಿದರೆ ಯಾರಾದರೊಬ್ಬ ತಾಯಿಯ ಕರುಳು ಹಿಂಡುತ್ತದೆಂದು ಬರೀ ‘ಆ ಕಡೆ’ ಎನ್ನುತ್ತೇವೆ. ಅಲ್ಲಿ ಮೇಕೆ ಬಿಡುವುದಿಲ್ಲ, ಸೌದೆ ಆರಿಸುವುದಿಲ್ಲ. ಕಳೆದ ವರ್ಷ ನಿಮ್ಮ ಅಳತೆಯವರು ಬಿಸಿಲಲ್ಲಿ ಬೆವೆತು ನಮ್ಮ ಬಾಗಿಲಿಗೆ ಬಂದು ನೀರು ಕೇಳಿದರು. ಕುಡಿದು, ಚೊಂಬನ್ನು ತೊಳೆದೇ ಹಿಂದಕ್ಕೆ ಕೊಟ್ಟರು. ಒಳ್ಳೆಯ ಮನುಷ್ಯ.

“ಅಕ್ಕಾ, ಆ ದಿಬ್ಬಕ್ಕೆ ಏನಂತಾರೆ?”

“ಹೆಸರೇನೂ ಇಲ್ಲಪ್ಪ.”

“ಅಲ್ಲಿ ಯಾರಾದ್ರೂ ಇದಾರಾ? ದನಗಿನ ಮೇಯಿಸ್ತಾರಾ?”

“ಇಲ್ಲ. ಆ ಕಡೆ ಯಾರೂ ಹೋಗಲ್ಲ.”

ಗುರುತಿಲ್ಲದವರ ಮುಂದೆ, ಕೈಯಲ್ಲಿ ಚೊಂಬು ಹಿಡಿದು ನಿಂತು, ನನ್ನ ಮಗಳು ಅಲ್ಲಿದ್ದಾಳೆ ಎನ್ನಲು ನನಗೆ ಬಾಯಿ ಬರಲಿಲ್ಲ. ಗಂಡನ ಮುಂದೆಯೂ ಬಂದದ್ದಿಲ್ಲ.

ನಿಮ್ಮ ವರದಿಯನ್ನು ಹೋದ ತಿಂಗಳು ನೋಡಿದೆ. ಪುಟ ಹದಿನಾಲ್ಕು: ‘ಸ್ಥಳೀಯ ಮಹಿಳೆಯ ಹೇಳಿಕೆ ಪಡೆಯಲಾಗಿದೆ. ಸದರಿ ಜಾಗವು ಹೆಸರಿಲ್ಲದ, ನಿರ್ಜನ, ನಿರುಪಯುಕ್ತ ಭೂಮಿ. ಸಾರ್ವಜನಿಕರ ಆಕ್ಷೇಪಣೆ ಇರುವುದಿಲ್ಲ.’ ಏಳನೇ ತರಗತಿವರೆಗೆ ಓದಿದವಳು ನಾನು. ‘ನಿರುಪಯುಕ್ತ’ ಎಂಬುದನ್ನು ಎರಡು ಸಲ ಬಿಡಿಸಿ ಓದಿದೆ. ಒಂದು ಚೊಂಬು ನೀರು ಕೊಟ್ಟವಳನ್ನೇ ಇಡೀ ಸಾರ್ವಜನಿಕರನ್ನಾಗಿ ಮಾಡಿಬಿಟ್ಟಿದ್ದೀರಿ. ಇಷ್ಟು ದೊಡ್ಡ ಪದವಿಯನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ಅಹವಾಲು ಸಭೆಯೂ ನಡೆಯಿತಂತೆ, ನಿಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ. ಅದರ ಪ್ರಕಟಣೆಯನ್ನು ಅದೇ ಮಹಡಿಯ ಗೋಡೆಗೆ ಅಂಟಿಸಿದ್ದಿರಂತೆ. ಸಭೆಯಿದೆಯೆಂದು ತಿಳಿಯಲು ನಾವು ಮೊದಲೇ ಸಭೆಗೆ ಬಂದಿರಬೇಕಿತ್ತೇನೋ.

ಬಿಸಿಲಿನ ಕರೆಂಟು ನನಗೆ ಬೇಡವಾದದ್ದಲ್ಲ. ನಮ್ಮ ಶಾಲೆಯ ಮಾಡಿನ ಮೇಲೆ ಫಲಕ ಕೂರಿಸಿದ ದಿನ ಮೊದಲು ಕೈಮುಗಿದವಳು ನಾನೇ. ಬಿಸಿಲು ದೇವರು ಕೊಟ್ಟದ್ದು, ಅದನ್ನು ಎಲ್ಲರೂ ಹಂಚಿಕೊಳ್ಳಲಿ. ಆದರೆ ಯಾವ ಮಣ್ಣಿನ ಮೇಲೆ ಬಿದ್ದ ಬಿಸಿಲು ಯಾರಿಗೆ ಸೇರಬೇಕೆಂದು ತೀರ್ಮಾನಿಸುವವರು ಯಾರು? ಆ ಮಣ್ಣಿನ ಮೇಲೆ ಒಂದು ಸಲವೂ ಕಾಲಿಡದವರೇ? ಮುಟ್ಟದೆ ಕಾಪಾಡಿದ್ದನ್ನು ನಿರುಪಯುಕ್ತ ಎನ್ನುವುದಾದರೆ, ಗರ್ಭಗುಡಿಯಲ್ಲೂ ಯಾರೂ ವಾಸವಿಲ್ಲ, ಅದನ್ನೂ ಅಳೆದುಕೊಂಡು ಹೋಗುತ್ತೀರಾ?

ನಮ್ಮೂರ ಸೂಲಗಿತ್ತಿ ಅಜ್ಜಿಯನ್ನು ಕರೆದುಕೊಂಡು ನಿಮ್ಮ ಕಚೇರಿಗೂ ಬಂದಿದ್ದೆ. ಎಂಬತ್ತು ದಾಟಿದ ಮುದುಕಿ, ಮೂರು ಮಹಡಿ ಹತ್ತುವಷ್ಟರಲ್ಲಿ ನಾಲ್ಕು ಕಡೆ ಕೂತಳು. ಗುಮಾಸ್ತರು ತಲೆಯೆತ್ತದೆ, ಹೆಸರಿಲ್ಲದ ಜಾಗದ ಬಗ್ಗೆ ತಕರಾರು ಬರೆದುಕೊಳ್ಳಲು ಕಾಲಂ ಇಲ್ಲ, ಅಲ್ಲಿ ಮಣ್ಣು ಮಾಡಿದ್ದಕ್ಕೆ ಕಾಗದ ತನ್ನಿ ಎಂದರು. ಅಜ್ಜಿ ಅವರನ್ನೇ ನೋಡಿದಳು.

“ನಿನ್ನ ಹೆರಿಗೆ ನಾನು ಮಾಡಿಸಿದ್ರೆ, ಕಾಗದ ಕೇಳೋಕ್ ಮುಂಚೆ ಕೂತ್ಕೊಳಿ ಅನ್ನೋದನ್ನ ಅವತ್ತೇ ಕಲಿಸಿರ್ತಿದ್ದೆ, ಮಗಾ.”

ಅಲ್ಲಿದ್ದವರೆಲ್ಲ ನಕ್ಕರು. ಗುಮಾಸ್ತರೂ ನಕ್ಕರು. ಅರ್ಜಿ ಮಾತ್ರ ತೆಗೆದುಕೊಳ್ಳಲಿಲ್ಲ.

ಅಂದು ಸಂಜೆ, ಮದುವೆಯಾದ ಮೇಲೆ ಮೊದಲ ಬಾರಿಗೆ, ನಮ್ಮ ಮನೆಯವರನ್ನು ಆ ಮಗುವಿನ ಬಗ್ಗೆ ಕೇಳಿದೆ. ಗಾರೆ ಕೆಲಸದವರು, ಮಾತು ಕಡಿಮೆ. ಮಗುವನ್ನು ಒಯ್ದವರು ಅವರೇ. ನಾನಿನ್ನೂ ಬಾಣಂತಿ, ಎದೆಯಲ್ಲಿ ಹಾಲಿತ್ತು, ಮಗು ಎಲ್ಲಿ ಮಲಗಿದೆಯೆಂದು ಆಗಲೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಅವರು ಕೈಯಲ್ಲಿದ್ದ ಕರಣೆಯನ್ನು ಒರೆಸುತ್ತಲೇ ಇದ್ದರು.

“ತುದೀಲಿ ಒಡೆದ ಬಂಡೆ ಇದೆಯಲ್ಲ, ಅಲ್ಲಿಂದ ಏಳು ಹೆಜ್ಜೆ. ಮಳೆಗೆ ಕಲ್ಲು ಜಾರಿರುತ್ತೆ, ವರ್ಷ ವರ್ಷ ಹೋಗಿ ಸರಿ ಮಾಡಿ ಬರ್ತೀನಿ.”

ಇಪ್ಪತ್ನಾಲ್ಕು ವರ್ಷ. ಯಾರೂ ಹೋಗುವುದಿಲ್ಲ ಎಂದು ನಾನು ನಿಮ್ಮವರಿಗೆ ಹೇಳಿದ್ದ ಜಾಗಕ್ಕೆ, ಒಂದೇ ಮನೆಯಲ್ಲಿದ್ದು ನನಗೇ ತಿಳಿಯದ ಹಾಗೆ, ಅವರು ಹೋಗಿ ಬರುತ್ತಿದ್ದರು. ಅವರೊಬ್ಬರೇ ಅಲ್ಲ. ವಿಚಾರಿಸುತ್ತಾ ಹೋದರೆ ಊರಿನ ಅರ್ಧ ಜನ ಒಬ್ಬರಿಗೊಬ್ಬರು ಹೇಳದೆ ಹೋಗಿ ಬರುವವರೇ.

ನನ್ನ ಬೇಡಿಕೆ ಇಷ್ಟು. ಸೋಮವಾರದ ಕೆಲಸ ನಿಲ್ಲಿಸಿ. ನೀವೇ ಬನ್ನಿ. ಅಜ್ಜಿ ಒಂದೊಂದೇ ಕಲ್ಲು ತೋರಿಸುತ್ತಾಳೆ, ನಿಮ್ಮ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ಆಮೇಲೆ ನಮ್ಮೂರಲ್ಲೇ, ನೆಲದ ಮೇಲೆ ಕೂತು, ಎಲ್ಲಿ ಫಲಕ ಬರಬಹುದು, ಎಲ್ಲಿ ಬರಬಾರದು ಎಂದು ನಮ್ಮನ್ನು ಕೇಳಿ. ಕೇಳಿದರೆ ಜಾಗ ನಾವೇ ತೋರಿಸುತ್ತೇವೆ. ಪುಟ ಹದಿನಾಲ್ಕರಲ್ಲಿರುವ ನನ್ನ ಹೇಳಿಕೆಯನ್ನು ನಾನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅದಕ್ಕೂ ಕಾಲಂ ಇಲ್ಲದಿದ್ದರೆ ಪುಟದ ಅಂಚಿನಲ್ಲಿ ಬರೆಯಿರಿ.

ನಮ್ಮಲ್ಲಿಗೆ ಅಂಚೆ ಬರುವುದು ಬುಧವಾರ, ಯಂತ್ರ ಬರುವುದು ಸೋಮವಾರ. ಆದ್ದರಿಂದ ಪತ್ರಿಕೆಯಲ್ಲಿ ಇದನ್ನು ಓದುವವರಲ್ಲಿ ಆ ಕಚೇರಿಯ ಕಡೆ ಕೆಲಸವಿರುವ ಪುಣ್ಯಾತ್ಮರು ಯಾರಾದರೂ ಮೂರನೇ ಮಹಡಿ ಹತ್ತಿ, ನನಗೆ ಕೊಡುವ ಉತ್ತರವನ್ನು ಕೇಳಿ ಪಡೆದು ತಂದುಕೊಡಿ. ಮನೆಗೆ ಬೀಗ ಹಾಕಿದ್ದರೆ ದಿಬ್ಬಕ್ಕೆ ಬನ್ನಿ. ಗಂಡ ಹೆಂಡತಿ ನಾವಿಬ್ಬರೂ ಅಲ್ಲಿರುತ್ತೇವೆ.

ಇಂತಿ,
ನಾಲ್ವರನ್ನು ಹೆತ್ತು, ಕೇಳಿದವರಿಗೆಲ್ಲ ಮೂವರು ಎನ್ನುತ್ತಾ ಬಂದವಳು