ಕೊನೆಯ ಪುಟದ ಕೃತಜ್ಞತೆ

ಜಯನಗರ ನಾಲ್ಕನೇ ಟಿ ಬ್ಲಾಕ್,
ಮಂಗಳವಾರ, 23 ನವೆಂಬರ್ 1982

ನನ್ನ ಯಲ್ಲೂ,

ಭಾನುವಾರ ನೀನು ಕಾಫಿ ಮುಟ್ಟದೆ ಎದ್ದು ಹೋದೆಯಲ್ಲ, ಆಗಿನಿಂದ ಈ ಕಾಗದ ಬರೆಯುತ್ತಿದ್ದೇನೆ. ಎರಡು ಸಲ ಇಂಗ್ಲಿಷಿನಲ್ಲಿ ಬರೆದು ಹರಿದೆ. ಅದರಲ್ಲಿ ಎಲ್ಲವೂ ತುಂಬ ಚೆನ್ನಾಗಿ ಬಂದುಬಿಡುತ್ತಿತ್ತು, ಕಾನ್ವೆಂಟಿನ ಸಿಸ್ಟರ್ ನೋಡಿದ್ದರೆ ಸ್ಟಾರ್ ಹಾಕುತ್ತಿದ್ದರು. ಕನ್ನಡದಲ್ಲಿ ತಡವರಿಸುತ್ತೇನೆ, ಸಹಿಸಿಕೋ.

ಮೊದಲು ಸ್ವಲ್ಪ ಸಂತೋಷ ಹೇಳಿಕೊಳ್ಳಲೇ? ಇಲ್ಲದಿದ್ದರೆ ನನಗೆ ಕಾಗದವೇ ಸಾಗುವುದಿಲ್ಲ, ನಿನಗೆ ಗೊತ್ತು. ಮದುವೆಯಾಗಿ ಆರು ತಿಂಗಳಾಯಿತು, ಇನ್ನೂ ಬೆಳಿಗ್ಗೆ ಎದ್ದ ತಕ್ಷಣ ನಗು ಬರುತ್ತದೆ. ಇವರು ಗಡ್ಡ ಹೆರೆಯುವಾಗ ಹಾಡುತ್ತಾರೆ, ಎಷ್ಟು ಕೆಟ್ಟದಾಗಿ ಎಂದರೆ ಪಕ್ಕದ ಮನೆಯವರು ಕಿಟಕಿ ಮುಚ್ಚುತ್ತಾರೆ. ಶನಿವಾರ ಸಂಜೆ ಸ್ಕೂಟರಿನಲ್ಲಿ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿಗೆ ಹೋಗುತ್ತೇವೆ. ಅಲ್ಲಿ ಸಿಕ್ಕಸಿಕ್ಕವರಿಗೆಲ್ಲ ನನ್ನನ್ನು ಸೈಕಾಲಜಿ ಮೇಡಂ ಎಂದು ಪರಿಚಯ ಮಾಡಿಕೊಡುತ್ತಾರೆ. ಹೋದ ವಾರ ತರಕಾರಿ ಪಿಳ್ಳಣ್ಣ, ಹಾಗಾದರೆ ನನ್ನ ಮನಸ್ಸಿನಲ್ಲೇನಿದೆ ಹೇಳಿ ಎಂದು ಸವಾಲು ಹಾಕಿದ. ಬೀನ್ಸಿಗೆ ಎಷ್ಟು ಜಾಸ್ತಿ ಹೇಳಲಿ ಅಂತ ಯೋಚಿಸ್ತಿದ್ದೀಯ ಎಂದೆ. ಅವನು ನಕ್ಕು ಒಂದು ಹಿಡಿ ಕೊತ್ತಂಬರಿ ಸುಮ್ಮನೆ ಹಾಕಿದ. ನಾನು ಎಲ್ಲರಿಗೂ ಇಷ್ಟವಾಗಿಬಿಡುತ್ತೇನೆ, ಯಲ್ಲೂ. ಅದು ನನ್ನ ಅಭ್ಯಾಸ. ಈ ಕಾಗದದಲ್ಲಿ ಹಾಗೆ ಮಾಡಬಾರದು ಎಂದುಕೊಂಡು ಕೂತಿದ್ದೇನೆ.

ನಮ್ಮ ಮನೋವಿಜ್ಞಾನಿಗಳ ಸಂಘದ ಕಿರಿಯ ಸದಸ್ಯರ ಪ್ರಶಸ್ತಿ ಈ ಬರುವ ಭಾನುವಾರ ಕೊಡುತ್ತಾರೆ. ಶಾಲು, ಫಲಕ ಹಾಗಿರಲಿ. ಗೆದ್ದವರಿಗೆ ಆರು ತಿಂಗಳು ಮಕ್ಕಳ ಪರೀಕ್ಷೆಯ ತರಬೇತಿ. ಅದಾದರೆ ಆಸ್ಪತ್ರೆಯ ಕೆಲಸಕ್ಕೆ ದಾರಿ. ಎಂ.ಎ. ಕಡೆಯ ವರ್ಷ ನಾವಿಬ್ಬರೂ ಲಾಲ್‌ಬಾಗಿನ ಕಲ್ಲುಬೆಂಚಿನ ಮೇಲೆ ಕೂತು ಕಂಡ ಕನಸು ಅದೇ ಅಲ್ಲವೇ? ಬಹುಮಾನದ ಸುದ್ದಿ ಬಂದ ದಿನ ಓಡಿಹೋಗಿ ನಿನಗೆ ಕಾರ್ಡು ಹಾಕಿದೆ. ‘ನಮಗೆ ಬಂತು’ ಎಂದು ಬರೆದೆ. ಆ ಗಳಿಗೆಯಲ್ಲಿ ಅದು ನಿಜ ಎಂದೇ ನನಗೆ ಅನ್ನಿಸಿತ್ತು, ನಂಬುತ್ತೀಯಾ?

ನೀನು ಅದನ್ನು ನಂಬಿಯೇ ಬಂದೆ. ನಿಮ್ಮಮ್ಮ ಮಾರಮ್ಮನವರು ಕಟ್ಟಿಕೊಟ್ಟ ಕಜ್ಜಾಯದ ಡಬ್ಬಿ ಹಿಡಿದುಕೊಂಡು, ವಿಲ್ಸನ್ ಗಾರ್ಡನ್ನಿನಿಂದ ಎರಡು ಬಸ್ಸು ಬದಲಾಯಿಸಿ ಬಂದೆ. ನಮ್ಮತ್ತೆಗೆ ನಮಸ್ಕಾರ ಮಾಡಿದೆ. ಬಹುಮಾನ ಬಂದ ಪ್ರಬಂಧ ತೋರಿಸು ಎಂದೆ. ನಾನು ಕಾಫಿ ಮಾಡುವ ನೆಪದಲ್ಲಿ ಒಳಗೆ ನಿಂತಿದ್ದೆ, ಹಾಲು ಕಾದಿದ್ದರೂ ನಿಂತಿದ್ದೆ. ಹೊರಗೆ ಬಂದಾಗ ನೀನು ಮೊದಲ ಪುಟ ನೋಡಿ ಮುಗಿಸಿದ್ದೆ. ಅಲ್ಲಿ ನನ್ನ ಹೆಸರೊಂದೇ. ಆಮೇಲೆ ಹಾಳೆ ಮಗುಚುತ್ತ ಕೊನೆಯ ಪುಟಕ್ಕೆ ಹೋದೆ. ‘ಚಿತ್ರ ಬರೆದುಕೊಟ್ಟ ಕುಮಾರಿ ಯಲ್ಲಮ್ಮ ಅವರಿಗೆ ಕೃತಜ್ಞತೆಗಳು.’

ನೀನು ಸಿಟ್ಟು ಮಾಡಲಿಲ್ಲ. ಹಾಳೆಗಳನ್ನು ಸರಿಯಾಗಿ ಜೋಡಿಸಿ ಮೇಜಿನ ಮೇಲಿಟ್ಟು, “ನಾನೇನ್ ಡ್ರಾಯಿಂಗ್ ಮಿಸ್ಸಾ, ಜಯಾ?” ಎಂದೆ. ಅಷ್ಟೇ. ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಹೋದೆ.

ಆ ಚಿತ್ರಗಳ ಕಥೆ ನಿನಗೆ ನಾನು ಹೇಳಬೇಕಿಲ್ಲ. ಆದರೂ ಹೇಳುತ್ತೇನೆ. ಇದುವರೆಗೆ ಯಾರಿಗೂ ಸರಿಯಾಗಿ ಹೇಳಿಲ್ಲ, ನಿನ್ನ ಮುಂದೆಯೇ ಅಭ್ಯಾಸ ಮಾಡಿಕೊಳ್ಳುತ್ತೇನೆ. ಚಿತ್ರ ತೋರಿಸಿ ಮಕ್ಕಳ ಕೈಲಿ ಕಥೆ ಹೇಳಿಸುವ ಪರೀಕ್ಷೆಗೆ ನಾನು ತಂದದ್ದು ಆ ವಿಲಾಯಿತಿ ಕಾರ್ಡುಗಳನ್ನು. ಒಂದರಲ್ಲಿ ಅಗ್ಗಿಷ್ಟಿಕೆ, ಕಂಬಳಿ ಮೇಲೆ ನಾಯಿ, ಪೈಪು ಸೇದುವ ಅಪ್ಪ. ನೀನು ಪಾಠ ಮಾಡುವ ಸ್ಕೂಲಿನ ಮೂವತ್ತು ಮಕ್ಕಳು ಅದನ್ನು ನೋಡಿ ಬಾಯಿ ಬಿಡಲಿಲ್ಲ. ನಾನು ನೋಟ್‌ಬುಕ್ಕಿನಲ್ಲಿ ‘ಕಲ್ಪನಾಶಕ್ತಿ ಮಂದ’ ಎಂದು ಬರೆದುಕೊಂಡೆ. ಮೂವತ್ತು ಸಲ ಬರೆದುಕೊಂಡೆ. ನೀನು ಅದನ್ನು ಓದಿದೆ, ಮಾರನೆಯ ವಾರ ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂದೆ ಹತ್ತು ಚಿತ್ರ ಬರೆದು ತಂದೆ. ಬೀದಿ ನಲ್ಲಿಯ ಮುಂದೆ ಕೊಡಗಳ ಸಾಲು, ಒಂದು ಕೊಡ ಉರುಳಿದೆ. ಊದುಬತ್ತಿ ಹೊಸೆಯುವ ತಾಯಿ, ಬಾಗಿಲಲ್ಲಿ ನಿಂತ ಮಗು. ಯಾವ ಮುಖವೂ ಅಳುತ್ತಿಲ್ಲ, ನಗುತ್ತಿಲ್ಲ. ಹಾಗೇ ಇರಬೇಕು, ಅಳುವುದೋ ನಗುವುದೋ ಮಗು ಹೇಳಬೇಕು ಎಂದೆ ನೀನು. ಯಾವ ಪುಸ್ತಕದಲ್ಲಿತ್ತು ಎಂದು ನಾನು ಕೇಳಿದೆ. ಪುಸ್ತಕದಲ್ಲಿರಲಿಲ್ಲ.

ಮೊದಲು ಕೂತವಳು ಆ ಗಲಾಟೆ ಕಿಟ್ಟಿಯ ತಂಗಿ, ನೆನಪಿದೆಯಾ? ಒಂದು ತಿಂಗಳಿಂದ ಮೂಕಿಯಂತಿದ್ದವಳು ಉರುಳಿದ ಕೊಡದ ಮೇಲೆ ಬೆರಳಿಟ್ಟಳು. “ಇದು ನಮ್ದು ಮಿಸ್. ನಾನ್ ತಳ್ಳಿಲ್ಲ. ನಾನ್ ಹೇಳಿದ್ರೂ ನಮ್ಮವ್ವ ನಂಬಲ್ಲ.” ಆಮೇಲೆ ಅರ್ಧ ಗಂಟೆ ನಿಲ್ಲಿಸಲೇ ಇಲ್ಲ. ನೀನು ಬರೆದುಕೊಳ್ಳುತ್ತಿದ್ದೆ. ನಾನು ಬಾಯಿ ತೆರೆದು ಕೂತಿದ್ದೆ.

ಪ್ರಬಂಧದಲ್ಲಿ ಇದೆಲ್ಲ ಇದೆ. ಪಟ್ಟಿಗಳು ನನ್ನವು, ಭಾಷೆ ನನ್ನದು, ಟೈಪು ಮಾಡಿಸಿದ್ದು ನಾನು. ಅದರ ಜೀವ ನಿನ್ನದು. ತೀರ್ಪುಗಾರರಿಗೆ ಮೆಚ್ಚುಗೆಯಾದದ್ದು ಕೂಡ ಚಿತ್ರಗಳೇ. ಸಂಘದ ಕಾರ್ಯದರ್ಶಿ ಗುರುಬಸಪ್ಪನವರು ಅಭಿನಂದಿಸಲು ಕರೆದಾಗ, ಈ ಕಾರ್ಡುಗಳ ಯೋಚನೆ ಯಾರದಮ್ಮ ಎಂದು ಕೇಳಿದರು. ನಾನು ಬರೆಸಿದೆ ಎಂದೆ. ಸುಳ್ಳು ಎಂದು ಅನ್ನಿಸದ ಹಾಗೆ ಹೇಳಿದ ಸುಳ್ಳು ನೋಡು, ಎಷ್ಟು ಜಾಣತನ.

ನಿನ್ನ ಹೆಸರು ಯಾಕೆ ಹಾಕಲಿಲ್ಲ ಎಂದರೆ, ಪ್ರಶಸ್ತಿಗೆ ಕಳಿಸುವ ಪ್ರಬಂಧದ ಲೇಖಕರೆಲ್ಲರೂ ಸಂಘದ ಸದಸ್ಯರಾಗಿರಬೇಕು ಎಂಬ ನಿಯಮ. ಸದಸ್ಯಳಾಗಲು ನಿನಗೆ ಇಬ್ಬರು ಸದಸ್ಯರ ಸಹಿ ಬೇಕಿತ್ತು. ನನ್ನ ಮದುವೆಗೆ ಎರಡು ದಿನ ಮುಂಚೆ ನೀನು ಫಾರಂ ತುಂಬಿ ನನ್ನ ಕೈಗೆ ಕೊಟ್ಟಿದ್ದೆ. ನಾನು ಸಹಿ ಹಾಕಿ, ನಮ್ಮ ಟೀಚರ್ ಕಮಲಾದೇವಿ ಮೇಡಂ ಹತ್ತಿರ ಹಾಕಿಸಿ, ಗುರುಬಸಪ್ಪನವರಿಗೆ ತಲುಪಿಸಬೇಕಿತ್ತು. ಆ ಗಡಿಬಿಡಿ ನಿನಗೇ ಗೊತ್ತು. ಮದುವೆ, ಆಮೇಲೆ ಇಲ್ಲಿಗೆ ಬಂದದ್ದು, ಮೂರು ವಾರಕ್ಕೆ ಆಷಾಢ ಬಂತೆಂದು ಪದ್ಮನಾಭನಗರದ ಅಮ್ಮನ ಮನೆಗೆ ವಾಪಸ್ಸು ಕಳಿಸಿದ್ದು. ಪ್ರಬಂಧ ಬರೆದದ್ದು ಅಲ್ಲೇ. ಸೀರೆ, ಸೂಟ್‌ಕೇಸು, ಉಡುಗೊರೆಯ ಗಂಟುಗಳ ನಡುವೆ ಫಾರಂ ಎಲ್ಲೋ ಸೇರಿಕೊಂಡಿತು. ಮರೆತೇಹೋಯಿತು. ಜುಲೈ ಮೂವತ್ತೊಂದು ಕಡೆಯ ದಿನ. ಅಷ್ಟರಲ್ಲಿ ಏನೂ ಮಾಡುವಂತಿರಲಿಲ್ಲ. ಆಗಸ್ಟಿನಲ್ಲಿ ನೀನು, ಸದಸ್ಯತ್ವದ ಕಾಗದ ಇನ್ನೂ ಬರಲಿಲ್ಲವಲ್ಲ ಎಂದಾಗ, ಸಂಘದವರು ನಿಧಾನ ಎಂದುಬಿಟ್ಟೆ. ಪಾಪ, ಅವರ ಮೇಲೆ ಹಾಕಿದೆ.

ಭಾನುವಾರ ನೀನು ಹೋದ ಮೇಲೆ ನಮ್ಮತ್ತೆ ಈಶ್ವರಮ್ಮ ತಣ್ಣಗಾದ ಲೋಟ ನೋಡುತ್ತ ನಿಂತರು. ಅವರು ಓದಿದ್ದು ನಾಲ್ಕನೇ ಕ್ಲಾಸು. ನಾನು ಆರು ವರ್ಷ ಓದಿದ ಶಾಸ್ತ್ರವನ್ನೆಲ್ಲ ಒಂದು ಪ್ರಶ್ನೆಯಲ್ಲಿ ಮುಗಿಸಿದರು.

“ಆ ಹುಡ್ಗಿ ಮುಖ ಹಾಗ್ಯಾಕಾಯ್ತು? ನೀನೇನ್ ಮಾಡ್ದೆ?”

ಅವಳಿಗೇನಾಯಿತು ಎಂದು ಕೇಳಲಿಲ್ಲ. ನೀನೇನು ಮಾಡಿದೆ ಎಂದು ಕೇಳಿದರು. ನಾನು ಅಳುತ್ತ ಹೇಳಿಬಿಟ್ಟೆ, ಬಹುತೇಕ ಎಲ್ಲವನ್ನೂ. ಅವರು ಸಮಾಧಾನ ಮಾಡಲಿಲ್ಲ. ಡಬ್ಬಿಯಿಂದ ಒಂದು ಕಜ್ಜಾಯ ತೆಗೆದು ತಿಂದರು, ಚೆನ್ನಾಗಿದೆ ಎಂದರು, ಉಳಿದವನ್ನು ತಟ್ಟೆಗೆ ಹಾಕಿ ಡಬ್ಬಿ ತೊಳೆದು ಒರೆಸಿ ಇಟ್ಟರು. ಖಾಲಿ ಡಬ್ಬಿ ಕೊಡಬೇಡ, ಆದರೆ ಏನು ಹಾಕಿ ಕೊಡುತ್ತೀಯೋ ನೀನೇ ನೋಡಿಕೋ ಎಂದರು.

ನಿನ್ನೆ ಇವರು ಅರ್ಧ ದಿನ ರಜ ಹಾಕಿ ನನ್ನನ್ನು ಬನಶಂಕರಿಗೆ, ಗುರುಬಸಪ್ಪನವರ ಮನೆಗೆ ಕರೆದುಕೊಂಡು ಹೋದರು. ಒಳಗೆ ಬರಲಿಲ್ಲ. ಇದು ನಿನ್ನ ಮಾತು, ನೀನೇ ಆಡು ಎಂದು ಗೇಟಿನ ಹತ್ತಿರ ಸ್ಕೂಟರ್ ಒರೆಸುತ್ತ ನಿಂತರು. ನಾನು ಒಳಗೆ ಹೋಗಿ, ಚಿತ್ರಗಳ ಯೋಚನೆ ಯಲ್ಲಮ್ಮನದು, ಮಕ್ಕಳನ್ನು ಮಾತಾಡಿಸಿದ್ದೂ ಅವಳೇ, ಪ್ರಬಂಧ ಇಬ್ಬರದು, ಅವಳ ಹೆಸರು ಮೊದಲು ಬರಬೇಕಿತ್ತು ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ಈ ಸ್ಥಿತಿಯಲ್ಲಿ ಪ್ರಬಂಧವೇ ನಿಯಮಕ್ಕೆ ಹೊರಗಾಗುತ್ತದೆ, ಪ್ರಶಸ್ತಿ ನಿಮಗೂ ಇಲ್ಲ, ಅವರಿಗೂ ಇಲ್ಲ, ಗೊತ್ತಲ್ಲವೇ ಎಂದರು. ಗೊತ್ತು ಎಂದೆ.

“ಎರಡು ಸಾಲು ಬರೆದುಕೊಡಿ. ಬೇಜಾರ್ ಮಾಡ್ಕೋಬೇಡಿ ಅಂತ ನಾನ್ ಹೇಳಲ್ಲ. ಬೇಜಾರಾಗೋದೇ ಸರಿ.”

ಅವರ ಮೇಜಿನ ಮೇಲೇ ಬರೆದುಕೊಟ್ಟೆ. ಎರಡು ಸಾಲಲ್ಲ, ಒಂದು ಪುಟವಾಯಿತು. ಭಾನುವಾರದ ಕಾರ್ಯಕ್ರಮದಲ್ಲಿ ಈ ವರ್ಷದ ಪ್ರಶಸ್ತಿ ಯಾರಿಗೂ ಇಲ್ಲ ಎಂದು ಓದುತ್ತಾರೆ. ನಾನು ಸಭೆಯಲ್ಲಿ ಕೂತಿರುತ್ತೇನೆ. ತಪ್ಪಿಸಿಕೊಳ್ಳುವುದಿಲ್ಲ.

ಈಗ ಮುಖ್ಯವಾದದ್ದು. ಗಮನವಿಟ್ಟು ಓದು. ಪ್ರಶಸ್ತಿ ಇಲ್ಲದ ವರ್ಷ ಆ ತರಬೇತಿಯ ಜಾಗಕ್ಕೆ ಯಾವ ಸದಸ್ಯರಾದರೂ ಅರ್ಜಿ ಹಾಕಬಹುದು, ಡಿಸೆಂಬರ್ ಹತ್ತರವರೆಗೆ. ಈ ಶನಿವಾರ ಸಂಘದ ಸಮಿತಿ ಸೇರುತ್ತದೆ. ಶುಕ್ರವಾರದೊಳಗೆ ನಿನ್ನ ಫಾರಂ ಹೋದರೆ ಶನಿವಾರ ನೀನು ಸದಸ್ಯಳು. ಹೊಸ ಫಾರಂ ಇದರ ಜೊತೆಗಿದೆ. ಕಮಲಾದೇವಿ ಮೇಡಂ ಇವತ್ತು ಬೆಳಿಗ್ಗೆ ಸಹಿ ಹಾಕಿಕೊಟ್ಟರು. ನಾನು ಎಲ್ಲ ಹೇಳಿದ ಮೇಲೆಯೇ ಹಾಕಿದರು, ನನ್ನ ಮುಖ ನೋಡದೆ ಹಾಕಿದರು. ಗುರುಬಸಪ್ಪನವರು ನಿನ್ನ ಕ್ಯಾಲೆಂಡರ್ ಹಾಳೆಗಳನ್ನು ಮೂಲದಲ್ಲೇ ನೋಡಬೇಕಂತೆ. ನಿನ್ನ ಕೈಯಿಂದಲೇ.

ನಾನು ಅರ್ಜಿ ಹಾಕುವುದಿಲ್ಲ. ಇದನ್ನು ತ್ಯಾಗ ಎಂದುಕೊಳ್ಳಬೇಡ, ದಯವಿಟ್ಟು. ನಿಜ ಹೇಳಬೇಕೆಂದರೆ ಈ ಸಾಲು ಬರೆಯುವಾಗ ಹೊಟ್ಟೆ ಉರಿಯುತ್ತಿದೆ.

ನೀನು ಮಾತಾಡಿಸಿದರೂ ಆಡಿಸದಿದ್ದರೂ ನಿನ್ನವಳೇ,

ಜಯಶೀಲಾ

ಮರೆತ ಮಾತಲ್ಲ, ಬರೆಯಲಾಗದೆ ಉಳಿಸಿಕೊಂಡದ್ದು:

ಅಂಚೆಗೆ ಹಾಕಲು ಹೊರಟು, ಗೇಟಿನಿಂದ ವಾಪಸ್ಸು ಬಂದು ಕೂತಿದ್ದೇನೆ. ಲಕೋಟೆಯಲ್ಲಿ ಒಂದಲ್ಲ, ಎರಡು ಫಾರಂ ಇದೆ. ಇನ್ನೊಂದು ನೀನು ಮೇ ತಿಂಗಳಲ್ಲಿ ತುಂಬಿಕೊಟ್ಟದ್ದು. ಅದು ಯಾವ ಸೂಟ್‌ಕೇಸಿನಲ್ಲೂ ಸೇರಿಹೋಗಿರಲಿಲ್ಲ. ಆಷಾಢವಿಡೀ ನಾನು ಬರೆಯುವ ಮೇಜಿನ ಮೇಲೆ, ನಿಘಂಟಿನೊಳಗಿತ್ತು. ದಿನಾ ನೋಡುತ್ತಿದ್ದೆ. ಮೇಡಂ ಮನೆ ಎರಡು ರಸ್ತೆ ಆಚೆ. ಜಂಟಿ ಪ್ರಬಂಧಕ್ಕೂ ತರಬೇತಿಯ ಜಾಗ ಒಂದೇ, ಇಬ್ಬರನ್ನೂ ಕೂರಿಸಿ ಪ್ರಶ್ನೆ ಕೇಳಿ ಒಬ್ಬರನ್ನು ಆರಿಸುತ್ತಾರೆ. ಚಿತ್ರಗಳ ಬಗ್ಗೆ ಕೇಳಿದರೆ ನಿನಗೆ ಉತ್ತರ ಗೊತ್ತಿತ್ತು, ನನಗೆ ನೀನು ಹೇಳಿದ್ದು ಮಾತ್ರ ಗೊತ್ತಿತ್ತು. ಜುಲೈ ಮೂವತ್ತೊಂದು ದಾಟಲಿ ಎಂದು ಕಾದೆ, ಯಲ್ಲೂ. ಅತ್ತೆಗೂ ಇವರಿಗೂ ಮೇಡಂಗೂ ಗುರುಬಸಪ್ಪನವರಿಗೂ ಮರೆತೆ ಎಂದೇ ಹೇಳಿದ್ದೇನೆ. ನಿನ್ನೊಬ್ಬಳಿಗೇ ಇದು.

ಹೊಸ ಫಾರಂನಲ್ಲಿ ಎರಡನೆಯ ಸಹಿಯ ಜಾಗ ಖಾಲಿ ಬಿಟ್ಟಿದ್ದೇನೆ. ಬೇರೆ ಯಾವ ಸದಸ್ಯರು ಹಾಕಿದರೂ ನಡೆಯುತ್ತದೆ, ಮೇಡಂ ಒಬ್ಬರನ್ನು ಹೇಳಿದ್ದಾರೆ, ಹೆಸರು ವಿಳಾಸ ಹಿಂದೆ ಬರೆದಿದೆ. ನಾನೇ ಆಗಬಹುದು ಎಂದು ನಿನಗನ್ನಿಸಿದರೆ ಗುರುವಾರ ನನಗೆ ತಲುಪುವಂತೆ ಒಂದು ಸಾಲು ಬರೆ, ಪೆನ್ನು ಹಿಡಿದುಕೊಂಡು ವಿಲ್ಸನ್ ಗಾರ್ಡನ್ನಿಗೆ ಬರುತ್ತೇನೆ. ಅನ್ನಿಸದಿದ್ದರೆ ಆ ವಿಳಾಸಕ್ಕೆ ಹೋಗು. ಆದರೆ ಹೋಗು.