ಹಾಬ್ಸನ್ನನ ಸೈಕಲ್ ಹಾಡು

ಲಿಂಗಸುಗೂರು,
೯ ಸೆಪ್ಟೆಂಬರ್ ೧೯೯೮

ಯವ್ವಾ ಪಾರ್ವತಿ,

ಹೇಗಿದ್ದೀ ಮಗಳೇ? ಎರಡು ವರ್ಷ ಕಳೆದ ಮೇಲೆ ಹೀಗೆ ಕೇಳುವವನಿಗೆ ನಾಚಿಕೆಯಾಗಬೇಕು, ಆಗಿದೆ. ಊಟ ಸರಿಯಾಗಿ ಸೇರುತ್ತದೆಯೇ? ಸಿಂಧನೂರಿನ ಹತ್ತಿರ ಬಂಗಾಲಿ ನಿರಾಶ್ರಿತರಿಗೆಂದು ಕಟ್ಟಿದ ಆ ಕ್ಯಾಂಪಿನಲ್ಲಿ ಮೂರು ಹೊತ್ತೂ ಅನ್ನ, ಮೀನು ಎಂದು ಕೇಳಿದ್ದೇನೆ. ನಿನಗೋ ರೊಟ್ಟಿ ಮುರಿಯದಿದ್ದರೆ ಉಂಡಂತೆಯೇ ಆಗುತ್ತಿರಲಿಲ್ಲ. ನಿನ್ನ ಮನೆಯ ವಿಳಾಸ ಗೊತ್ತಿಲ್ಲದೆ ನೀನು ಕಲಿಸುವ ಶಾಲೆಗೇ ಈ ಪತ್ರ ಹಾಕುತ್ತಿದ್ದೇನೆ. ನಾನು ಆರಾಮ. ಎಡಗಣ್ಣಿನ ಪೊರೆ ತೆಗೆಸಿದೆ. ಟೈಪಿಂಗ್ ಕ್ಲಾಸಿಗೆ ಈಗ ಒಂಬತ್ತೇ ಜನ, ಉಳಿದವರು ಕಂಪ್ಯೂಟರ್ ಕಲಿಯಲು ಹೋದರು. ಅಡುಗೆ ನಾನೇ ಮಾಡಿಕೊಳ್ಳುತ್ತೇನೆ. ನಿಮ್ಮವ್ವ ಇದ್ದಿದ್ದರೆ ನನ್ನ ಸಾರು ನೋಡಿ ಇನ್ನೊಮ್ಮೆ ಸಾಯುತ್ತಿದ್ದಳು.

ಈಗ ಒಂದು ವಿಚಿತ್ರ ಸುದ್ದಿ ಕೇಳು. ಸ್ಪೀಡ್ ಟೆಸ್ಟಿಗೆಂದು ನಾನು ರದ್ದಿ ಅಂಗಡಿಯಿಂದ ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ತರುವುದು ನಿನಗೆ ಗೊತ್ತು. ಹೋದ ತಿಂಗಳು ಅದರಲ್ಲಿ ಒಂದು ಸಂಗೀತದ ಪತ್ರಿಕೆ ಸಿಕ್ಕಿತು. ಯಾರೂ ಕೊಳ್ಳದೆ, ಯಾರೂ ಕೇಳದೆ ಹೋದ ಹಾಡುಗಳನ್ನು ಓದುಗರು ನೆನೆಸಿಕೊಂಡು ಬರೆದ ಪುಟ. ಮೂವರು ಒಂದೇ ಹಾಡಿನ ಬಗ್ಗೆ ಬರೆದಿದ್ದರು: ಬ್ರಾಸ್ ಕೆಟಲ್ಸ್ ಎಂಬ ಇಂಗ್ಲೆಂಡಿನ ತಂಡದ ‘ಹಾಬ್ಸನ್ಸ್ ಬೈಸಿಕಲ್’. ನನ್ನ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು. ಅದು ನಮ್ಮ ಚಾಂದ್‌ಪಾಷಾನ ಮೈಕ್‌ಸೆಟ್ಟಿನ ಹಾಡು! ಮಸ್ಕಿ ಸೀಮೆಯಲ್ಲಿ ಮದುಮಗಳನ್ನು ಕಳಿಸುವಾಗ ಹಚ್ಚುತ್ತಿದ್ದರಲ್ಲ, ಅದು.

ಅದು ನಮ್ಮ ಕೈಗೆ ಬಂದ ಕಥೆ ನಿನಗೆ ಹೇಳಿಲ್ಲ. ರಾಯಚೂರಿನ ಕಾಲೇಜಿನಲ್ಲಿ ನಾನೂ ಚಾಂದ್‌ಪಾಷಾನೂ ಒಂದೇ ಕೋಣೆ. ವರ್ಗವಾಗಿ ಹೊರಟ ಒಬ್ಬ ಸಾಹೇಬ ಮನೆಯ ಸಾಮಾನು ಮಾರಿದಾಗ ಒಂದು ಪೆಟ್ಟಿಗೆ ರೆಕಾರ್ಡು ತಂದೆವು. ಅದರಲ್ಲಿತ್ತು ಈ ಸಣ್ಣ ತಟ್ಟೆ. ಮುಂದೆ ಇಬ್ಬರೂ ಫೇಲಾದೆವು. ಅವನು ಮಸ್ಕಿಯಲ್ಲಿ ಮೈಕ್‌ಸೆಟ್ ಇಟ್ಟ, ನಾನು ಇಲ್ಲಿ ಟೈಪಿಂಗ್ ಇಟ್ಟೆ. ಪಾಮನಕಲ್ಲೂರಿನ ಒಂದು ಮದುವೆಯಲ್ಲಿ ಅವನು ತತ್ವಪದದ ದೊಡ್ಡ ರೆಕಾರ್ಡು ಮುಗಿಸಿ, ಮದುಮಗಳು ಬಂಡಿ ಹತ್ತುವ ಹೊತ್ತಿಗೆ ಶಹನಾಯಿ ಹಚ್ಚಲು ಹೋಗಿ ಈ ತಟ್ಟೆ ಇಟ್ಟುಬಿಟ್ಟ. ಬೇವಿನ ಮರಕ್ಕೆ ಕಟ್ಟಿದ ಹಾರ್ನಿನಿಂದ ಯಾರೋ ಬಾವಿಯ ತಳದಲ್ಲಿ ಕುಳಿತು ಅಳುತ್ತಿರುವಂಥ ದನಿ ಬಂತು. ಅಲ್ಲಿಯವರೆಗೆ ಕಲ್ಲಿನಂತೆ ನಿಂತಿದ್ದ ಹುಡುಗಿಯ ತಾಯಿ ಗೊಳೋ ಎಂದು ಅತ್ತಳು. ಅಂದಿನಿಂದ ಅದು ಶಾಸ್ತ್ರವೇ ಆಯಿತು. ಹಿರಿಯರು ನನ್ನನ್ನು ಹಿಡಿದು, “ಕಾಲೇಜ್ ಓದೀಯಲ್ಲೋ ಗ್ಯಾನಪ್ಪ, ಏನಂತಾನೋ ಅಂವ?” ಎಂದು ಕೇಳುತ್ತಿದ್ದರು. ಟು ಬಿ ಫ್ರ್ಯಾಂಕ್, ನನಗೆ ಒಂದು ಮಾತೂ ತಿಳಿದಿರಲಿಲ್ಲ. ಆದರೂ, “ಮಗಳನ್ನ ಕಳಿಸಾಕ ಆಗವಲ್ದು ಅಂತ ಅಪ್ಪ ಅಳಾಕತ್ಯಾನ್ರಿ” ಎಂದೆ. ಮತ್ತೆ ಹಾಡಿನ ಹೆಸರಲ್ಲಿ ಸೈಕಲ್ ಯಾಕೆ ಎಂದು ಒಬ್ಬ ಕೇಳಿದ. “ಅಳಿಯಗ ಕೊಟ್ಟಾನಂತ” ಎಂದೆ. ಎಲ್ಲರೂ ತಲೆಯಾಡಿಸಿದರು.

ನಿಮ್ಮವ್ವ ಅದನ್ನೇ ನಂಬಿದ್ದಳು. ಯಾರ ಮದುವೆಯಾದರೂ ಸರಿ, ಸೆರಗು ಒದ್ದೆಯಾಗುವಷ್ಟು ಅಳುತ್ತಿದ್ದಳು. ಕೊನೆಯ ದಿನಗಳಲ್ಲಿ, “ಪಾರಿ ಮದುವ್ಯಾಗ ಆ ಹಾಡು ಹಚ್ಚಸ್ರಿ, ಮರೀಬ್ಯಾಡ್ರಿ” ಎಂದು ಎರಡು ಸಲ ಹೇಳಿದ್ದಳು.

ಈಗ ಪತ್ರಿಕೆಗೆ ಬರುತ್ತೇನೆ. ಶಿಲ್ಲಾಂಗಿನವನೊಬ್ಬ ಬರೆಯುತ್ತಾನೆ, ಆ ಹಾಡು ಕೇಳಿದರೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲವಂತೆ. ಕಲ್ಕತ್ತಾದವನ ಪ್ರಕಾರ ಆ ತಂಡ ಅಷ್ಟು ಜೋರಾಗಿ ಓಡಿದ್ದು ಇನ್ನೊಂದಿಲ್ಲ, ಎರಡು ನಿಮಿಷ ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ಮೂರನೆಯವಳು, ಅದರ ಪ್ರತಿ ತನ್ನ ಊರಲ್ಲಿ ತನ್ನೊಬ್ಬಳ ಹತ್ತಿರವೇ ಇತ್ತು ಎಂದು ಹೆಮ್ಮೆಪಡುತ್ತಾಳೆ. ನನಗೆ ತಲೆ ಕೆಟ್ಟಿತು. ಕುಣಿಯುವ ಹಾಡೇ? ಕ್ಲಾಸಿನ ಸ್ಟಾಪ್‌ವಾಚ್ ಜೇಬಿಗೆ ಹಾಕಿಕೊಂಡು ಮಸ್ಕಿ ಬಸ್ಸು ಹತ್ತಿದೆ.

ಚಾಂದ್‌ಪಾಷಾನ ಅಂಗಡಿಯಲ್ಲಿ ಈಗ ಕ್ಯಾಸೆಟ್ಟೇ ಎಲ್ಲ. ಅವನ ಹೆಂಡತಿ ರಮಜಾನಬಿ ಅಟ್ಟದಿಂದ ಹಳೆಯ ಮಷೀನು ಇಳಿಸಿ ಒರೆಸಿಕೊಟ್ಟಳು. ಹಚ್ಚಿದೆವು. ಮೂರು ನಿಮಿಷ ಒಂಬತ್ತು ಸೆಕೆಂಡು. ರೆಕಾರ್ಡು ತೆಗೆದು ಹೊಸ ಕಣ್ಣಿನಿಂದ ನೋಡಿದರೆ ಚೀಟಿಯ ಮೇಲೆ ನಲವತ್ತೈದು ಎಂದು ಸಣ್ಣಗೆ ಅಚ್ಚಾಗಿದೆ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು ತಿರುಗಬೇಕು. ಮಷೀನಿನ ಕೀಲಿ ಮೂವತ್ಮೂರರ ಮೇಲೆ, ದೊಡ್ಡ ರೆಕಾರ್ಡಿನ ವೇಗಕ್ಕೆ ನಿಂತಿದೆ! ಆ ಮೊದಲ ಮದುವೆಯ ದಿನ ತಿರುಗಿಸಲು ಮರೆತವನು, ಈ ಹಾಡಿಗೆ ಕೀಲಿ ಅಲ್ಲೇ ಇರಬೇಕೆಂದು ಸುಣ್ಣದ ಗುರುತು ಬೇರೆ ಹಾಕಿಕೊಂಡಿದ್ದ. ಸರಿಯಾದ ವೇಗಕ್ಕೆ ಇಟ್ಟೆವು. ಯವ್ವಾ, ಏನು ಹೇಳಲಿ! ಎಳೆಯ ದನಿ, ಡ್ರಮ್ಮಿನ ಬಡಿತ, ನಡುವೆ ಸೈಕಲ್ ಗಂಟೆ. ಕಳುವಾದ ಸೈಕಲ್ಲಿನ ಹಿಂದೆ ಒಬ್ಬ ಬೈಯುತ್ತ ಓಡುತ್ತಾನೆ, ಅಷ್ಟೇ ಕಥೆ. ರಮಜಾನಬಿ ನಕ್ಕು ನಕ್ಕು ಗೋಡೆಗೆ ಒರಗಿದಳು. “ಯಾ ಅಲ್ಲಾ, ಇದಕ್ಕೇನ್ರಿ ನನ್ನ ನಿಖಾದಾಗ ನಮ್ಮವ್ವ ಎದಿ ಬಡ್ಕೊಂಡು ಅತ್ತಿದ್ದು?”

ನಾನೂ ನಕ್ಕೆ. ಆಗ ಚಾಂದ್‌ಪಾಷಾ ನನ್ನ ಕಡೆ ತಿರುಗಿ, “ನಾ ನಿಧಾನ ಹಚ್ಚಿದ್ದು ಸಣ್ಣ ತಪ್ಪಲೇ. ನೀ ಕೇಳದನ ಅರ್ಥ ಹೇಳಿದಿ ನೋಡು. ಎಲ್ಲಾದ್ರಾಗೂ ನಿಂದು ಅದ ಹಣೇಬರಾ” ಎಂದ. ಯಾವುದರ ಬಗ್ಗೆ ಹೇಳಿದನೆಂದು ತಿಳಿಯಿತು. ಬಂಗಾಲಿ ಹುಡುಗನ ವಿಷಯ ಹೇಳಲು ನೀನು ಬಂದು ನಿಂತ ಸಂಜೆ, ನೀನು ಎರಡು ಮಾತು ಆಡುವ ಮೊದಲೇ ನಾನು, “ನನ್ನ ಮರ್ಯಾದಿ ಕಳೀಬೇಕಂತ ಮಾಡೀದಿ” ಎಂದೆ. “ಅಪ್ಪಾ, ನಾ ಇನ್ನಾ ಹೇಳೇ ಇಲ್ಲ” ಎಂದು ಹೇಳಿ ನೀನು ಹೊರಟುಹೋದೆ. ಮದುವೆಗೆ ನಾನು ಬರಲಿಲ್ಲ.

ಒಂದು ಮಾತು ಇನ್ನೂ ಬಗೆಹರಿದಿಲ್ಲ. ನಿಜ ಗೊತ್ತಾದ ಮೇಲೂ ಮತ್ತೊಮ್ಮೆ ನಿಧಾನಕ್ಕೆ ಹಚ್ಚಿ ಕೇಳಿದೆವು, ಮೂವರೂ ಕಣ್ಣೊರೆಸಿಕೊಂಡೆವು. ಇದು ಯಾವ ಸೀಮೆಯ ನ್ಯಾಯ? ನೀನು ಓದಿದವಳು, ವಿಚಾರ ಮಾಡಿ ಹೇಳು. ಪತ್ರಿಕೆಗೂ ಟೈಪ್ ಮಾಡಿ ಹಾಕಿದ್ದೇನೆ: ‘ಡಿಯರ್ ಸರ್, ಹಿಯರ್ ಆಲ್ಸೋ ಟೂ ಫ್ಯಾನ್ಸ್ ಆರ್ ದೇರ್.’

ಹಿರಿಯರ ಪುಣ್ಯ ನಿನ್ನನ್ನು ಕಾಯಲಿ, ನಿಮ್ಮ ಮನೆಯವರೆಲ್ಲ ತಣ್ಣಗಿರಲಿ.

ನಿನ್ನ ಅಪ್ಪ,
ಗ್ಯಾನಪ್ಪ

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಸಿಂಧನೂರಿನ ಬಳೆ ಅಂಗಡಿಯಲ್ಲಿ ನಿನ್ನನ್ನು ನೋಡಿದ ರಮಜಾನಬಿ, ನಿನಗೆ ಏಳು ತಿಂಗಳು ಎಂದಳು. ಬಸುರಿಗೆ ಕುಬುಸ ಮಾಡುವುದು ತವರಿನವರ ಕೆಲಸ. ಅವಳೇ ಆರಿಸಿದ ಹಸಿರು ಸೀರೆ ತಂದಿಟ್ಟಿದ್ದೇನೆ. ಇದೇ ೨೧ರ ಸೋಮವಾರ ನಾನೂ ರಮಜಾನಬಿಯೂ ಬರುತ್ತೇವೆ. ಬೇಡವೆನ್ನಿಸಿದರೆ ಒಂದು ಕಾರ್ಡು ಹಾಕು, ಸೀರೆ ಮಾತ್ರ ಕಳಿಸುತ್ತೇನೆ. ಬಾ ಎನ್ನುವುದಾದರೆ ಅಳಿಯಂದಿರ ಹೆಸರು ಬರೆದು ಕಳಿಸು. ಎರಡು ವರ್ಷ ‘ಆ ಹುಡುಗ’ ಎಂದೇ ಅನ್ನುತ್ತ ಬಂದೆ, ಹೆಸರು ಕೇಳಿಕೊಳ್ಳಲೇ ಇಲ್ಲ. ಕ್ಯಾಂಪಿನಲ್ಲಿ ಬಸ್ಸಿಳಿದು ಯಾರ ಮನೆ ಎಂದು ಕೇಳಲಿ?