ಕೈಯಳತೆಯ ಉಪ್ಪು

ಶ್ರೀ ಗುರುಬಸವಲಿಂಗಾಯ ನಮಃ

ಬೈರಿದೇವರಕೊಪ್ಪ, ಹುಬ್ಬಳ್ಳಿ
೨೪ ಆಗಸ್ಟ್ ೨೦೨೫, ರವಿವಾರ

ಪ್ರೀತಿಯ ಅತ್ತೆಯವರಿಗೆ ನಿಮ್ಮ ಸೊಸೆ ಸೌಮ್ಯಾಳ ಶರಣು ಶರಣಾರ್ಥಿಗಳು.

ಕೈಯಲ್ಲಿ ಫೋನಿರುವಾಗ ಇವಳೇಕೆ ಪತ್ರ ಬರೆದಳು ಎಂದು ನವಲಗುಂದದ ನಿಮ್ಮ ತವರಿನವರೆಲ್ಲ ನಗುತ್ತಿರಬಹುದು. ನಗಲಿ ಬಿಡಿ. ಫೋನಿನಲ್ಲಿ ನಾನು ಅಡುಗೆಯ ಮಾತು ತೆಗೆದರೆ ಸಾಕು, “ಹಾಲು ಉಕ್ಕಾಕತ್ತೈತಿ, ಇಡತೇನವಾ” ಎಂದು ಇಟ್ಟುಬಿಡುತ್ತೀರಿ. ನಾಲ್ಕು ವಾರಗಳಲ್ಲಿ ಆರು ಸಲ ಹಾಲು ಉಕ್ಕಿತು. ನಿಮ್ಮ ತಮ್ಮನ ಮನೆಯಲ್ಲಿ ಅಷ್ಟೊಂದು ಹಾಲು ಎಲ್ಲಿಂದ ಬರುತ್ತದೆಯೋ! ಪತ್ರವಾದರೆ ನೀವು ಸಿಟ್ಟಿನಿಂದ ಮಡಚಿಟ್ಟರೂ ಆಮೇಲೆ ಕನ್ನಡಕ ಹುಡುಕಿಕೊಂಡು ಮತ್ತೆ ತೆರೆಯುತ್ತೀರಿ.

ಪಂಚಮಿಗೆ ತವರಿಗೆ ಹೋದವರು ವಾರದಲ್ಲಿ ಬರಬೇಕಿತ್ತು. ನಿನ್ನೆಗೆ ಶ್ರಾವಣವೇ ಮುಗಿಯಿತು. ನೀವು ಯಾಕೆ ಬರುತ್ತಿಲ್ಲ ಎಂಬುದು ಈ ಮನೆಯಲ್ಲಿ ನನ್ನೊಬ್ಬಳಿಗೇ ಗೊತ್ತು. ಹೊರಡುವ ಮುಂಚೆ ಒಲೆಯ ಕಟ್ಟೆ ಒರೆಸುತ್ತ, ನನ್ನ ಕಡೆಗೆ ನೋಡದೆ, “ನನ್ನ ಕೈ ಹೋತು ಸೌಮ್ಯಾ, ಇನ್ನ ಮ್ಯಾಲೆ ನೀನ ಮಾಡ್ಕೋ” ಎಂದಿರಿ. ಮಾವನವರೂ ನಿಮ್ಮ ಮಗ ಕಿರಣನೂ ನೀವು ತಮ್ಮನ ಮನೆಯಲ್ಲಿ ಆರಾಮವಾಗಿದ್ದೀರಿ ಎಂದುಕೊಂಡಿದ್ದಾರೆ. ನಾನು ಅವರಿಗೆ ಏನನ್ನೂ ಹೇಳಲಿಲ್ಲ. ಹೇಳಿದರೆ ನನ್ನ ತಪ್ಪೂ ಹೊರಬೀಳುತ್ತದಲ್ಲ.

ಒಂಬತ್ತು ವರ್ಷಗಳ ಹಿಂದೆ ಈ ಮನೆಗೆ ಬಂದ ಹೊಸತರಲ್ಲಿ ನಾನು ಸಾರು ಕುದಿಯುವಾಗ ಸೌಟಿನಿಂದ ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿದ್ದೆ, ನೆನಪಿದೆಯೇ? ನೀವು ಬೈಯಲಿಲ್ಲ. “ನಮ್ಮನ್ಯಾಗ ದೇವರಿಗೆ ಎಡಿ ಹಿಡಿಯೂದಕ್ಕಿಂತ ಮದಲ ಯಾರೂ ರುಚಿ ನೋಡೂದಿಲ್ಲವಾ” ಎಂದು ಆ ಸಾರನ್ನು ಬದಿಗಿಟ್ಟು ಹೊಸದಾಗಿ ಮಾಡಿದಿರಿ. ಹಾಗಾದರೆ ಉಪ್ಪು ಹೇಗೆ ತಿಳಿಯಬೇಕು ಎಂದು ಕೇಳಿದೆ. ಕೈ ತೋರಿಸಿದಿರಿ. ನಾನು ಇಲ್ಲೇ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ದಿನವಿಡೀ ಅಳತೆ ನೋಡುವವಳು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮಾಲು ತಿರುಗಿ ಬರುತ್ತದೆ. ನಿಮ್ಮ ಐದು ಬೆರಳಿನ ಚಿಟಿಕೆ ಮಾತ್ರ ವರ್ಷಗಟ್ಟಲೆ ಒಂದು ದಿನವೂ ತಪ್ಪಲಿಲ್ಲ. ನಮ್ಮ ಇಲಾಖೆಯ ಹುಡುಗಿಯರು ನನ್ನ ಡಬ್ಬಿಗಾಗಿಯೇ ನನ್ನ ಪಕ್ಕ ಕೂಡುತ್ತಾರೆ ಎಂದು ನಾನು ನಿಮಗೆ ಯಾವತ್ತೂ ಹೇಳಲೇ ಇಲ್ಲ. ಅವರ ಮುಂದೆ ನಾನೇ ಮಾಡಿದ್ದು ಎಂದು ಹೇಳಿಕೊಳ್ಳುತ್ತಿದ್ದೆ. ಅದೂ ಒಂದು ತಪ್ಪೊಪ್ಪಿಗೆ, ಬರೆದುಕೊಳ್ಳಿ.

ಶಿವರಾತ್ರಿಯ ಹಿಂದೆಮುಂದೆ ನಿಮಗೆ ಆ ಕೆಟ್ಟ ಜ್ವರ ಬಂತು. ಎದ್ದು ಒಲೆಯ ಮುಂದೆ ನಿಂತ ಮೊದಲ ವಾರದಲ್ಲೇ ಒಂದು ದಿನ ಸಾರಿಗೆ ಉಪ್ಪೇ ಇರಲಿಲ್ಲ. ನೀವು ಅದನ್ನೇ ಅನ್ನಕ್ಕೆ ಕಲಸಿಕೊಂಡು, “ಇವತ್ತ ಸಾರು ಛಲೋ ಆಗೇತಿ, ಅಲ್ಲ?” ಎಂದು ನಮ್ಮೆಲ್ಲರ ಮುಖ ನೋಡಿದಿರಿ. ನಿಮ್ಮ ಮಗ ಬಾಯಿ ತೆರೆದಿದ್ದ. ಅವನ ಕಾಲು ತುಳಿದು ಸುಮ್ಮನಾಗಿಸಿದೆ. ನಿಮ್ಮ ನಾಲಿಗೆಗೆ ಉಪ್ಪು ತಿಳಿಯುತ್ತಿಲ್ಲ, ಅದನ್ನು ನೀವು ನಮ್ಮಿಂದ ಮುಚ್ಚಿಡುತ್ತಿದ್ದೀರಿ ಎಂದು ನನಗೆ ಆಗ ಹೊಳೆಯಿತು. ಮೊದಲೆಲ್ಲ ಊಟಕ್ಕೆ ಕೂತಾಗ ಇಂದು ಎಷ್ಟಾಯಿತು ಎಂದು ನೋಡಿಕೊಂಡು ನಾಳೆ ಕೈ ತಿದ್ದಿಕೊಳ್ಳುತ್ತಿದ್ದಿರಿ. ಈಗ ತಿದ್ದಿಕೊಳ್ಳಲು ಆಧಾರವೇ ಇರಲಿಲ್ಲ.

ಆವತ್ತಿನಿಂದ ನಾನು ಕಳ್ಳಿಯಾದೆ. ಎಡೆಯ ತಾಟನ್ನು ನೀವು ದೇವರ ಕೋಣೆಗೆ ಒಯ್ಯುತ್ತಿದ್ದಿರಿ. ಆ ಎರಡು ನಿಮಿಷದಲ್ಲಿ ನಾನು ಪಾತ್ರೆಗಳಿಗೆ ಉಪ್ಪು ಬೆರೆಸಿ ತಿರುವಿಬಿಡುತ್ತಿದ್ದೆ. ಮೊದಮೊದಲು ರುಚಿ ನೋಡುತ್ತಿದ್ದೆ. ಆಮೇಲೆ ರೂಢಿಯಾಯಿತು. ಇಂತಿಷ್ಟು ಪಾತ್ರೆಗೆ ಇಂತಿಷ್ಟು ಚಮಚ ಎಂದು ಕಣ್ಣಳತೆಯಲ್ಲೇ ಹಾಕುತ್ತಿದ್ದೆ. ನಿಮಗೆ ನೋವಾಗಬಾರದು ಎಂದೇ ಮಾಡಿದೆ, ನಿಜ. ಆದರೆ ಅತ್ತೆ, ನನ್ನಿಂದಲೇ ಈ ಮನೆಯ ಊಟ ನಡೆಯುತ್ತಿದೆ ಎಂಬ ಸಣ್ಣ ಗರ್ವವೂ ನನ್ನೊಳಗೆ ಇತ್ತು.

ಈಗ ರೊಟ್ಟಿ ಹಬ್ಬದ ದಿನಕ್ಕೆ ಬರುತ್ತೇನೆ. ಪಂಚಮಿಯ ಮುಂಚಿನ ಈ ಹಬ್ಬ ಬಂತೆಂದರೆ ನಿಮ್ಮನ್ನು ನೋಡುವುದೇ ಒಂದು ಸಂಭ್ರಮ. ಹದಿನೈದು ದಿನ ಮೊದಲಿನಿಂದ ರೊಟ್ಟಿ ಬಡಿದು ಒಣಗಿಸಿ ಬುಟ್ಟಿ ತುಂಬಿದ್ದಿರಿ. ಓಣಿಯ ಹನ್ನೊಂದು ಮನೆಗಳಲ್ಲಿ ಯಾರಿಗೆ ಏನು ಬೇಕು, ಏನು ಬೇಡ ಎಂಬುದು ನಿಮ್ಮ ತಲೆಯಲ್ಲೇ ಇರುತ್ತದೆ. ಹುಸ್ನಾಳ ಮಗುವಿಗೆ ಶೇಂಗಾ ತಿಂದರೆ ಮೈ ತುರಿಸುತ್ತದೆ, ಆ ಮನೆಗೆ ಗುರೆಳ್ಳು ಚಟ್ನಿ. ಅಕ್ಕವ್ವನಿಗೆ ಹಲ್ಲಿಲ್ಲ, ಅವಳಿಗೆ ಆಗಷ್ಟೇ ಬಡಿದ ಮೆತ್ತನೆಯ ರೊಟ್ಟಿ. ಮೂಲೆಮನೆಯ ಶ್ರೀರಂಗ ಮಾಸ್ತರರು ಉಳ್ಳಾಗಡ್ಡಿ ತಿನ್ನುವುದಿಲ್ಲ ಎಂದು ಎಲ್ಲರ ಪಾಲಿನ ಮಡಕೆಕಾಳಿನ ಪಲ್ಯಕ್ಕೂ ಉಳ್ಳಾಗಡ್ಡಿ ಹಾಕುವುದಿಲ್ಲ. ಇಷ್ಟು ಜನರ ಹೊಟ್ಟೆಯನ್ನು ನೆನಪಿಟ್ಟುಕೊಂಡು ಒಲೆ ಹೊತ್ತಿಸುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಂದು ಪಲ್ಯ ದೊಡ್ಡ ಬೋಗುಣಿಯಲ್ಲಿತ್ತು. ಎಡೆ ಹಿಡಿದಾಯಿತು. ಮಾವನವರು ಎಂದಿನಂತೆ ಎಡೆಯ ತಾಟಿನಲ್ಲೇ ಉಂಡು, ಗೆಳೆಯ ಮುರುಗೆಪ್ಪನವರನ್ನು ನೋಡಲು ಕುಂದಗೋಳಕ್ಕೆ ಹೊರಟರು. ನೀವು ಅವರಿಗೆ ಕೊಡೆ ಕೊಡಲು ಬಾಗಿಲಿಗೆ ಹೋದಿರಿ. ನಾನು ಬೋಗುಣಿಗೆ ಎರಡು ಹಿಡಿ ಉಪ್ಪು ಸುರಿದು ತಿರುವಿದೆ. ರುಚಿ ನೋಡಲಿಲ್ಲ. ಕಾರ್ಖಾನೆಯಲ್ಲಿ ಪರೀಕ್ಷಿಸದೆ ಒಂದು ಮೊಳೆಯನ್ನೂ ಹೊರಗೆ ಬಿಡದವಳು ಹನ್ನೊಂದು ಮನೆಗೆ ಪಲ್ಯ ಕಳಿಸಿದೆ. ಇಡೀ ಓಣಿಗೆ ಬೇಕಾದಷ್ಟು ಪಲ್ಯ, ಎರಡು ಹಿಡಿ ಹಿಡಿಯುತ್ತದೆ ಎಂದುಕೊಂಡಿದ್ದೆ. ಅಳತೆ ಮೀರಿತು.

ಸಂಜೆ ನಮ್ಮ ಕಟ್ಟೆಯ ಮೇಲೆ ನಾಲ್ಕು ಜನ ಹೆಂಗಸರಿದ್ದಾಗ ಅಕ್ಕವ್ವ ನಗುತ್ತಲೇ ಕೇಳಿದಳು: “ಈರವ್ವಾ, ಈ ಸಲ ಉಪ್ಪಿನ ಡಬ್ಬಿನ ಬೋರಲ ಹಾಕಿದಿ ಏನ?” ಎಲ್ಲರೂ ನಕ್ಕರು. ನೀವೂ ನಕ್ಕಿರಿ. ಆಮೇಲೆ ಒಳಗೆ ಬಂದು ಉಳಿದಿದ್ದ ಪಲ್ಯವನ್ನು ಬಾಯಿಗೆ ಹಾಕಿಕೊಂಡು, ಏನೂ ತಿಳಿಯದೆ, ಮತ್ತೊಮ್ಮೆ ಹಾಕಿಕೊಂಡಿರಿ. ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ಆಗಲೇ ಓಡಿಬಂದು ನಿಮ್ಮ ಕೈ ಹಿಡಿದು ಹೇಳಬೇಕಿತ್ತು. ಹೇಳಿದರೆ ಐದು ತಿಂಗಳ ಕಳ್ಳತನವನ್ನೆಲ್ಲ ಹೇಳಬೇಕಾಗುತ್ತಿತ್ತು, ಅದಕ್ಕೆ ಹೆದರಿ ಬಟ್ಟೆ ತೆಗೆಯುವ ನೆವದಲ್ಲಿ ಮಾಳಿಗೆ ಹತ್ತಿದೆ. ಆ ಹೆದರಿಕೆಗೆ ನನ್ನನ್ನು ಕ್ಷಮಿಸಿ.

ಇವತ್ತು ಬೆಳಿಗ್ಗೆ ಹನ್ನೊಂದೂ ಮನೆಗೆ ಹೋಗಿ, ಉಪ್ಪು ನನ್ನದು, ಅತ್ತೆಯದಲ್ಲ ಎಂದು ಹೇಳಿ ಬಂದೆ. ಅಕ್ಕವ್ವ ಕಣ್ಣಲ್ಲಿ ನೀರು ತಂದುಕೊಂಡು, “ನಾ ಚಾಷ್ಟಿ ಮಾಡಿದ್ನೆವಾ, ಆಕಿ ಅದನ್ನ ಮನಸ್ಸಿಗೆ ಹಚ್ಕೊಂಡ್ಳೇನ?” ಎಂದಳು. ಶ್ರೀರಂಗ ಮಾಸ್ತರರು ಮಾತ್ರ, “ಉಪ್ಪು ಹೆಚ್ಚಾದ್ರೂ ಕಾಳು ಬೆಂದಿದ್ದು ಮಾತ್ರ ನಿಮ್ಮ ಅತ್ತಿಯವರ ಹದಾನ ಬಿಡ್ರಿ” ಎಂದರು.

ನಿಮ್ಮ ಕೈಗೆ ಏನೂ ಆಗಿಲ್ಲ ಎಂದು ಸುಳ್ಳು ಬರೆಯಲಾರೆ. ಜ್ವರದ ನಂತರ ಉಪ್ಪು ತಪ್ಪುತ್ತಿತ್ತು. ತಪ್ಪಲಿ. ಎಡೆ ಹಿಡಿದ ಮೇಲೆ ನಿಮ್ಮ ಎದುರಿಗೇ ರುಚಿ ನೋಡಿ, ಬೇಕು ಬೇಡ ಎಂದು ನಾನು ಹೇಳುತ್ತೇನೆ, ನೀವೇ ಹಾಕಿ. ನಾಲಿಗೆ ನನ್ನದಿರಲಿ, ಕೈ ನಿಮ್ಮದಿರಲಿ. ನಾನು ಮಾಡಿದ ಅಡುಗೆಗೆ ಉಪ್ಪು ಸರಿಯಾಗಿದೆ, ಆದರೂ ಯಾರೂ ಎರಡನೆಯ ರೊಟ್ಟಿ ಕೇಳುತ್ತಿಲ್ಲ. ಬನ್ನಿ ಅತ್ತೆ. ನೀವಿಲ್ಲದೆ ನನಗೆ ಆಗುವುದಿಲ್ಲ.

ನಿಮ್ಮ ಪಾದಗಳಿಗೆರಗುವ ಸೊಸೆ,
ಸೌಮ್ಯಾ

ತಾ.ಕ.: ವಿಳಾಸ ಬರೆಸಿಕೊಳ್ಳಲು ಹೋದಾಗ ಮಾವನವರು ಪತ್ರ ಇಸಿದುಕೊಂಡು ಪೂರ್ತಿ ಓದಿದರು. ಆಮೇಲೆ ನನ್ನ ಪೆನ್ನನ್ನೇ ತೆಗೆದುಕೊಂಡರು. ಅಂಚೆಗೆ ಹಾಕುವುದು ಬೇಡವಂತೆ, ನಾಳೆ ಮುಂಜಾನೆಯ ಬಸ್ಸಿಗೆ ತಾವೇ ತರುತ್ತಾರಂತೆ. ಕೆಳಗಿನದು ಅವರ ಕೈಬರಹ.

ಈರವ್ವಾ, ಸೌಮ್ಯಾ ಉಪ್ಪ ಹಾಕೂದು ಎಡಿ ಆದ ಮ್ಯಾಲೆ. ನಾ ಉಣ್ಣೂದು ಎಡಿ ತಾಟ. ಜ್ವರ ಬಂದು ಹೋದಾಗಿಂದ ನಾ ಸಪ್ಪಂದ ಉಂಡೇನಿ. ನಿನ್ನ ಮನಸ್ಸ ನೋಯಬಾರದಂತ ಹೇಳಲಿಲ್ಲ. ರೊಟ್ಟಿ ಹಬ್ಬದ ದಿನ ಪಲ್ಯಾ ಬಾಯಾಗ ಇಟ್ಟೆ, ಉಪ್ಪ ಬರೋಬ್ಬರಿ ಇತ್ತು. ಮದಲಿನಂಗ. ಅದನ್ನೂ ಹೇಳಲಿಲ್ಲ, ಕೊಡಿ ಇಸಗೊಂಡು ಹೋಗಿಬಿಟ್ಟೆ. ಅವತ್ತ ಹೇಳಬೇಕಿತ್ತು.
ಫಕೀರಪ್ಪ